ಮಡಚೋ ಚಾಕು ಎಷ್ಟು ತಡೀಬೇಕು ಸ್ವಾಮಿ?

ಮೊನ್ನೆ ಭಾನುವಾರ ಬೆಂಗಳೂರಿನಿಂದ ನಾಲ್ಕು ಜನ ಗೆಳೆಯರು ಊರಿಗೆ ಬಂದಿದ್ರು. ಊರು ಅಂದ್ರೆ ಚಿಕ್ಕನಾಯಕನಹಳ್ಳಿ ತಾಲ್ಲೂಕು, ಬೋರನಕಣಿವೆ ಹತ್ತಿರ. ಡ್ಯಾಮಿನ ಏರಿ ಮೇಲೆ ಒಂದು ಸುತ್ತು ಹಾಕಿ, ತೋಟದಲ್ಲಿ ಕೂತು ಊಟ ಮಾಡೋ ಪ್ಲಾನು. ಅದರಲ್ಲೊಬ್ಬ ಜೇಬಿನಿಂದ ಹೊಸಾ ಮಡಚೋ ಚಾಕು ತೆಗೆದ. ನಾಲ್ಕು ಸಾವಿರ ರೂಪಾಯಿ, ಡಬ್ಬದ ಮೇಲೆ ‘ಹೆವಿ ಡ್ಯೂಟಿ’ ಅಂತ ಬರೆದಿತ್ತಂತೆ. ಕಲ್ಲಿಗೆ ಕುಟ್ಟಿ ಹೋಳು ಮಾಡಿದ್ದ ತೆಂಗಿನಕಾಯಿಯ ಕರಟಕ್ಕೂ ಕಾಯಿಗೂ ಮಧ್ಯೆ ಚಾಕು ತೂರಿಸಿದ, ತಿರುವಿದ... ಟಕ್! ಅರ್ಧ ಸೆಂಟಿಮೀಟರ್ ತುದಿ ಕಾಯಿಯೊಳಗೇ ಉಳೀತು.

“ನಾಲ್ಕು ಸಾವಿರ ಕೊಟ್ಟಿದೀನಿ. ಒಂದು ತೆಂಗಿನಕಾಯಿ ತಡೆಯಲ್ಲ ಅಂದ್ರೆ ಇದೂ ಒಂದು ಚಾಕುನಾ?” ಅಂತ ಅವನು ಅಲ್ಲೇ ಮೊಬೈಲ್ ತೆಗೆದು ಒಂದು ನಕ್ಷತ್ರದ ವಿಮರ್ಶೆ ಬರೆಯೋಕೆ ಕೂತ. ನಾನು ನಕ್ಕುಬಿಟ್ಟೆ. ಸಂಜೆವರೆಗೂ ಜಗಳ. ಅಲ್ಲಿ ಮುಗೀದೆ ಇದ್ದಿದ್ದನ್ನ ಇಲ್ಲಿ ಮುಗಿಸ್ತಿದೀನಿ, ಸಹಿಸಿಕೊಳ್ಳಿ :-)

ನಮ್ಮ ಕಡೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಅಂದ್ರೆ ತೆಂಗು, ಉಂಡೆ ಕೊಬ್ಬರಿ. ಕಾಯಿ ಕೆಡವಿ ಹತ್ತು ಹನ್ನೆರಡು ತಿಂಗಳು ಅಟ್ಟದಲ್ಲಿ ಹಾಕಿರ್ತೀವಿ. ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು, ಅಲ್ಲಾಡಿಸಿದ್ರೆ ಗಡಗಡ ಅನ್ನಬೇಕು. ಆಮೇಲೆ ಸುಲಿದು, ಕರಟ ಒಡೆದು, ಉಂಡೆಗೆ ಗಾಯ ಆಗದ ಹಾಗೆ ಹೊರಗೆ ತೆಗೀಬೇಕು. ಉಂಡೆ ಒಡೀತೋ, ರೇಟು ಬಿತ್ತು. ಈ ಕೆಲಸಕ್ಕೆಲ್ಲ ನಮ್ಮ ಮನೆಯಲ್ಲಿ ಏನೇನಿದೆ ನೋಡಿ. ಸುಲಿಯೋಕೆ ನೆಲಕ್ಕೆ ಊರಿದ ಹಾರೆ. ಕರಟ ಒಡೆಯೋಕೆ ಮಚ್ಚು. ಗರಿ ಸವರೋಕೆ ಕುಡುಗೋಲು. ಚೀಲ ಹೊಲಿಯೋಕೆ ದಬ್ಬಣ. ಇಷ್ಟರಲ್ಲಿ ಕೀಲು ಇರೋ ಸಾಮಾನು ಒಂದೂ ಇಲ್ಲ. ಲಾರಿ ಸ್ಪ್ರಿಂಗ್ ಪಟ್ಟಿ ಬಡಿದು ಮಾಡಿದ ಮಚ್ಚು ಬಾಯಿ ಬಗ್ಗಿದ್ರೆ ಕುಲುಮೆಗೆ ತಗೊಂಡು ಹೋದ್ರಾಯ್ತು, ಮಾರನೇ ದಿನ ಮತ್ತೆ ಕೆಲಸಕ್ಕೆ ಬರುತ್ತೆ.

ಕೊಡಗಿನವರ ಒಡಿಕತ್ತಿ ನೋಡಿ. ಅಗಲವಾದ ಅಲಗು, ಭಾರ, ಮದುವೆಯಲ್ಲಿ ಬಾಳೆದಿಂಡು ಕಡಿಯೋದು ಅದರಲ್ಲೇ. ಅದಕ್ಕೂ ಕೀಲಿಲ್ಲ. ಬೀಸಿ ಹೊಡೆಯೋ ಕೆಲಸಕ್ಕೆ ಮಡಚೋದು ಬೇಡ ಅನ್ನೋದು ಎಲ್ಲ ಕಡೆ ಗೊತ್ತಿರೋ ವಿಷಯ.

“ಹಾಗಾದ್ರೆ ಮಡಚೋದೆಲ್ಲ ವೀಕು ಅಂತೀಯಾ?” ಅಂದ ಗೆಳೆಯ. ಇಲ್ಲ ಕಣಪ್ಪಾ, ನಿಮ್ಮಜ್ಜಿ ಮನೆ ಈಳಿಗೆ ಮಣೆ ನೆನಪಿಸಿಕೋ! ಅದರಲ್ಲಿ ಎಷ್ಟೋ ಮಡಚೋವೇ. ಮರದ ಮಣೆ, ತುದಿಯಲ್ಲಿ ಕೀಲು, ಕೆಲಸ ಆದ ಮೇಲೆ ಅಲಗನ್ನ ಮಣೆ ಮೇಲೆ ಮಲಗಿಸಿ ಗೋಡೆಗೆ ಒರಗಿಸೋದು. ಅದೇ ಈಳಿಗೆಯಲ್ಲಿ ಮೂವತ್ತು ವರ್ಷ ಕುಂಬಳಕಾಯಿ ಹೆಚ್ಚಿದಾರೆ. ಯಾಕೆ ಮಡಚಲಿಲ್ಲ? ಅಲಗಿನ ಬಾಯಿ ಕೂತವರ ಕಡೆಗಿದೆ, ಮಡಚೋದೂ ಅವರ ಕಡೆಗೇ. ಕುಂಬಳಕಾಯಿ ಒತ್ತೋದು ಅದರ ವಿರುದ್ಧ ದಿಕ್ಕಿಗೆ. ನೀವು ಜೋರಾಗಿ ಒತ್ತಿದಷ್ಟೂ ಅಲಗು ತನ್ನ ತಡೆಗೆ ಇನ್ನೂ ಗಟ್ಟಿಯಾಗಿ ಒರಗುತ್ತೆ.

ನನ್ನ ವಾದ ಇಷ್ಟೇ. ಮಡಚೋ ಚಾಕು ಎಷ್ಟು ಭಾರ ತಡೀಬೇಕು ಅಂತ ಕೇಳೋಕೆ ಮುಂಚೆ, ಯಾವ ದಿಕ್ಕಿನ ಭಾರ ಅಂತ ಕೇಳಿ.

ದಿಕ್ಕು ಮೂರು. ಒಂದು, ಬಾಯಿಯ ಕಡೆಯಿಂದ ಬರೋದು. ಹಗ್ಗ ಕುಯ್ಯುವಾಗ, ಡ್ರಿಪ್ಪಿನ 16 ಎಂಎಂ ಪೈಪ್ ಕತ್ತರಿಸುವಾಗ, ಗರಿಯಿಂದ ಎಲೆ ಸೀಳಿ ಪೊರಕೆ ಕಡ್ಡಿ ತೆಗೆಯುವಾಗ ಬೀಳೋ ಭಾರ. ಇದು ಈಳಿಗೆ ಮಣೆ ಲೆಕ್ಕ, ಒತ್ತಿದಷ್ಟೂ ಚಾಕು ತೆರೆದೇ ಇರುತ್ತೆ. ಎರಡು, ಬೆನ್ನಿನ ಕಡೆಯಿಂದ ಬರೋದು. ಇದು ಚಾಕುವನ್ನ ನಿಮ್ಮ ಬೆರಳಿನ ಮೇಲೆ ಮಡಚೋಕೆ ನೋಡುತ್ತೆ. ಮೂರು, ಪಕ್ಕದಿಂದ ಬರೋದು, ಅಂದ್ರೆ ತಿರುಚೋದು, ಮೀಟೋದು. ಇದನ್ನ ಹೊರೋದು ತೆಳ್ಳಗಿನ ತುದಿ ಮತ್ತು ಒಂದು ಸಣ್ಣ ಮೊಳೆ.

ಲೆಕ್ಕ ಹಾಕಿ. ಅಲಗು ಏಳೂವರೆ ಸೆಂಟಿಮೀಟರ್, ಕೀಲಿನ ಮೊಳೆಯಿಂದ ಲಾಕು ಮುಕ್ಕಾಲು ಸೆಂಟಿಮೀಟರ್ ದೂರ ಅಂತಿಟ್ಕೊಳ್ಳಿ. ತುದಿಯ ಬೆನ್ನಿಗೆ 10 ಕೆಜಿ ಬಿದ್ದರೆ ಲಾಕಿನ ಮೇಲೆ ಬೀಳೋದು 100 ಕೆಜಿ. ಹೈಸ್ಕೂಲಿನ ಸನ್ನೆಗೋಲಿನ ಪಾಠ, ಅಷ್ಟೆ. ಇನ್ನು ಯೂಟ್ಯೂಬಿನಲ್ಲಿ ಚಾಕುವಿನ ಬೆನ್ನನ್ನ ಮೇಜಿಗೆ ಬಡಿದು “ನೋಡಿ ಲಾಕು ಹೇಗಿದೆ” ಅನ್ನೋರು, ಸೌದೆ ಮೇಲೆ ಚಾಕು ಇಟ್ಟು ಇನ್ನೊಂದು ಸೌದೆಯಿಂದ ಕುಟ್ಟಿ ಸೀಳೋರು ಇದಾರಲ್ಲ, ಅವರು ತೋರಿಸ್ತಿರೋದು ಏನು? ಹತ್ತು ಪೆಟ್ಟಿಗೆ ಮುರೀಲಿಲ್ಲ ಅಂತ. ಆ ಹತ್ತು ಪೆಟ್ಟು ಕೀಲಿಗೆ ಏನು ಮಾಡ್ತು ಅನ್ನೋದು ಹನ್ನೊಂದನೇ ಸಲ, ನಿಮ್ಮ ಕೈಯಲ್ಲಿ ಗೊತ್ತಾಗುತ್ತೆ.

“ಹಾಗಾದ್ರೆ ದಪ್ಪ ಅಲಗು ಮಾಡಲಿ” ಅಂತೀರಾ? ಮಾಡ್ತಾರೆ, ಮಾರ್ತಾರೆ. ನಾಲ್ಕು ಮಿಲಿಮೀಟರ್ ದಪ್ಪದ ಅಲಗಿನಲ್ಲಿ ಒಂದು ಕ್ಯಾರೆಟ್ ಹೆಚ್ಚಿ ನೋಡಿ. ಹೆಚ್ಚೋದಿಲ್ಲ, ಬೆಣೆ ಹೊಡೆದ ಹಾಗೆ ಸೀಳುತ್ತೆ. ಫ್ರಾನ್ಸಿನ ಸವೋಯಿ ಪ್ರಾಂತ್ಯದಲ್ಲಿ 1890ರಲ್ಲಿ ಜೋಸೆಫ್ ಓಪಿನೆಲ್ ಮಾಡಿದ ಚಾಕುವಿನ ಎಂಟನೇ ನಂಬರಿನ ಅಲಗು ಎರಡು ಮಿಲಿಮೀಟರಿಗೂ ತೆಳು. ಲಾಕಿನ ಉಂಗುರ ಬಂದಿದ್ದು 1955ರಲ್ಲಿ. ಅಲ್ಲಿವರೆಗೆ ಅಲ್ಲಿನ ರೈತರು 65 ವರ್ಷ ಲಾಕಿಲ್ಲದೇ ಬದುಕಿದ್ರು, ಯಾಕಂದ್ರೆ ಅದರಲ್ಲಿ ಕುಯ್ತಿದ್ರು, ಮೀಟ್ತಿರಲಿಲ್ಲ. ಸ್ವಿಸ್ ಸೈನ್ಯ 1891ರಲ್ಲಿ ಸೈನಿಕರಿಗೆ ಕೊಡೋಕೆ ಶುರು ಮಾಡಿದ ಚಾಕು ನೋಡಿ. ಒಂದು ಅಲಗು, ಒಂದು ಚುಚ್ಚುಗ, ಡಬ್ಬ ತೆರೆಯೋದು, ಸ್ಕ್ರೂ ಡ್ರೈವರ್. ಡಬ್ಬ ಮೀಟೋ ಕೆಲಸವನ್ನ ಅಲಗಿನ ಮೇಲೆ ಹೇರಲಿಲ್ಲ, ಅದಕ್ಕೆ ಬೇರೆ ಕೈ ಕೊಟ್ಟರು. ಸೈನ್ಯಕ್ಕೇ ಬೇಡದ ಹೆವಿ ಡ್ಯೂಟಿ, ಭಾನುವಾರದ ಊಟಕ್ಕೆ ಕೂತ ನಮಗೆ ಯಾಕೆ ಬೇಕು?

ಇಲ್ಲೀವರೆಗೆ ಓದಿ “ಹಾಗಾದ್ರೆ ತಪ್ಪೆಲ್ಲ ಕೊಂಡವನದೇ” ಅಂತ ಚಾಕು ಮಾರೋರು ಖುಷಿ ಪಡಬೇಡಿ. ನಿಮಗೂ ಇದೆ.

ನಮ್ಮ ದೊಡ್ಡಪ್ಪನ ಹತ್ತಿರ ಒಂದು ಮಡಚೋ ಚಾಕು ಇತ್ತು. ಲಾಕಿಲ್ಲ, ಬರೀ ಸ್ಪ್ರಿಂಗು. ಎಲ್ಲಿಂದ ತಂದಿದ್ರು, ಯಾವ ಕಂಪನಿ ಅನ್ನೋದು ಬೇಡ ಬಿಡಿ. ಕೊಬ್ಬರಿ ಚೀಲದ ಹೊಲಿಗೆ ಬಿಚ್ಚೋಕೆ ಅಂತ ತುದಿಯಿಂದ ಚುಚ್ಚಿದಾರೆ. ತುದಿ ದಾರದ ಗಂಟಿಗೆ ಸಿಕ್ಕಿಕೊಂಡಿದೆ. ಒತ್ತಿದ್ರು, ಅಲಗು ವಾಪಸ್ ಬಂತು. ತೋರುಬೆರಳಿನ ಒಳಗಿನ ನರ ಕಟ್ಟಾಯ್ತು. ನರ ಅಂತೀವಿ, ಡಾಕ್ಟರು ಸ್ನಾಯುರಜ್ಜು ಅಂದ್ರು. ಹೊಲಿಗೆ ಹಾಕಿದ್ರು, ಗಾಯ ವಾಸಿಯಾಯ್ತು, ಬೆರಳು ಮಾತ್ರ ಮಡಚಲಿಲ್ಲ. ಈಗಲೂ ದೊಡ್ಡಪ್ಪ ದಬ್ಬಣ ಹಿಡಿಯೋದು ಹೆಬ್ಬೆಟ್ಟು ಮತ್ತು ನಡುಬೆರಳಲ್ಲಿ. ನೆಟ್ಟಗೆ ನಿಂತ ಆ ಬೆರಳು ಯಾವಾಗಲೂ ಯಾರನ್ನೋ ತೋರಿಸ್ತಿರೋ ಹಾಗೆ ಕಾಣುತ್ತೆ.

ನಾನೇ ಹೋಗಿ ಅಂಗಡಿಯಲ್ಲಿ ಕೇಳಿದೆ. “ಅದು ಕುಯ್ಯೋಕೆ ಸಾರ್, ಚುಚ್ಚೋಕಲ್ಲ” ಅಂದ್ರು. ಮಾತು ಸರಿಯಾಗಿತ್ತು, ಆದ್ರೆ ಅದನ್ನ ಮಾರುವ ದಿನ ಹೇಳಬೇಕಿತ್ತಲ್ಲ? ಚಾಕುವಿಗೆ ಚೂಪು ತುದಿ ಕೊಟ್ಟ ಮೇಲೆ ಜನ ಚುಚ್ಚೇ ಚುಚ್ತಾರೆ. ಇದನ್ನ ದುರುಪಯೋಗ ಅಂತ ಕರೆಯೋದು ಅನ್ಯಾಯ. ತೆಂಗಿನಕಾಯಿ ಮೀಟಿ ತುದಿ ಮುರಿದುಕೊಂಡ ನನ್ನ ಗೆಳೆಯನನ್ನೂ, ಚೀಲದ ಹೊಲಿಗೆ ಬಿಚ್ಚೋಕೆ ಹೋಗಿ ಬೆರಳು ಕಳಕೊಂಡ ದೊಡ್ಡಪ್ಪನನ್ನೂ ಒಂದೇ ತಕ್ಕಡಿಗೆ ಹಾಕೋಕೆ ನಾನು ಒಪ್ಪಲ್ಲ.

ಅದಕ್ಕೇ ನನ್ನ ಗೆರೆ ಹೀಗೆ. ಬಾಯಿಯ ದಿಕ್ಕಿನಲ್ಲಿ ಒಂದು ಕೈ ಎಷ್ಟು ಒತ್ತಬಹುದೋ ಅಷ್ಟನ್ನೂ ಚಾಕು ತಡೀಬೇಕು, ವರ್ಷಗಟ್ಟಲೆ, ಕೀಲು ಲೊಡಲೊಡ ಅನ್ನದ ಹಾಗೆ. ಇದರಲ್ಲಿ ರಿಯಾಯ್ತಿ ಇಲ್ಲ, ನೂರು ರೂಪಾಯಿಯದಾದ್ರೂ ಸರಿ. ಬೆನ್ನಿನ ದಿಕ್ಕಿನಲ್ಲಿ, ಲಾಕು ಇದೆ ಅಂತ ಹೇಳಿ ಮಾರಿದ್ರೆ ಕೈಯ ಒತ್ತಡಕ್ಕೆ ಅದು ಬಿಡಬಾರದು. ಸುತ್ತಿಗೆ ಪೆಟ್ಟಿಗೆ ಬಿಟ್ರೆ ನಾನು ಬೈಯಲ್ಲ. ಲಾಕಿಲ್ಲ ಅಂದ್ರೆ “ಇದು ಬೆರಳಿನ ಮೇಲೆ ಮಡಚುತ್ತೆ” ಅಂತ ಡಬ್ಬದ ಮೇಲೆ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೀಬೇಕು. ಪಕ್ಕದ ದಿಕ್ಕಿನಲ್ಲಿ ಏನೂ ಕೇಳಬಾರದು. ಸೊನ್ನೆ. ಮೀಟಬೇಕು ಅಂದ್ರೆ ಮೀಟೋ ಸಾಮಾನು ತಗೊಳ್ಳಿ.

“ತುರ್ತು ಬಂದ್ರೆ?” ಅಂತ ಗೆಳೆಯ ಕೊನೇ ಅಸ್ತ್ರ ಬಿಟ್ಟ. ಬಸ್ಸಿನ ಕಿಟಕಿಯಲ್ಲಿ ಯಾರಾದ್ರೂ ಸಿಕ್ಕಿಕೊಂಡಿದ್ರೆ ಮೀಟಪ್ಪ, ಮುರಿದರೆ ಮುರೀಲಿ, ಚಾಕುವಿನ ಜನ್ಮ ಸಾರ್ಥಕ. ಆದ್ರೆ ಅಂಥ ದಿನ ಮುರಿದ ಚಾಕುಗೆ ಯಾರೂ ಒಂದು ನಕ್ಷತ್ರ ಕೊಡಲ್ಲ.

ಅಂದ ಹಾಗೆ, ಆ ತೆಂಗಿನಕಾಯಿ ಕೊನೆಗೆ ತೆಗೆದಿದ್ದು ಅಮ್ಮ. ಹೋಳನ್ನ ಬೋರಲು ಹಾಕಿ, ಮಚ್ಚಿನ ಬೆನ್ನಿಂದ ಕರಟಕ್ಕೆ ಸುತ್ತಲೂ ನಾಲ್ಕು ಸಲ ತಟ್ಟಿದ್ರು, ಕಾಯಿ ತಾನಾಗೇ ಬಿಡ್ತು. ಗೆಳೆಯ ಬರೆದ ವಿಮರ್ಶೆ ಅಳಿಸಿದನೋ ಇಲ್ವೋ ಗೊತ್ತಿಲ್ಲ.

ನಿಮ್ಮ ಜೇಬಿನ ಚಾಕು ಎಲ್ಲಿ ಕೈ ಕೊಡ್ತು? ನನ್ನ ಗೆರೆ ತಪ್ಪು ಅನಿಸಿದ್ರೆ ಬೈದು ಬರೀರಿ. ಆದ್ರೆ ಬರೆಯೋಕೆ ಮುಂಚೆ ಯಾವ ದಿಕ್ಕಿಗೆ ಒತ್ತಿದ್ರಿ ಅನ್ನೋದನ್ನ ಮಾತ್ರ ಹೇಳಿ.