ಎಚ್‌ಆರ್ ಪಾಠದಲ್ಲಿ ಅಮ್ಮನ ಜಾಗ

‘ಎಚ್‌ಆರ್ ಕರೀತಿದ್ದಾರೆ’ ಅನ್ನುವುದು ನಮ್ಮ ಮನೆಯಲ್ಲಿ ಪೊಲೀಸ್ ಸ್ಟೇಷನ್ನಿನಿಂದ ಕರೆ ಬಂದಷ್ಟೇ ಭಯದ ಮಾತು. ಅಮ್ಮ ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಟೈಲರ್. ಟಾರ್ಗೆಟ್ ಮುಗಿಯದಿದ್ದರೆ ಸೂಪರ್‌ವೈಸರ್ ಬೈಯುತ್ತಾನೆ, ಅದಕ್ಕೆ ಅವಳು ಹೆದರುವವಳಲ್ಲ. ತಿರುಗಿ ಎರಡು ಮಾತು ಅಂದು ಬಂದದ್ದೂ ಉಂಟು. ಆದರೆ ಎಚ್‌ಆರ್ ಕ್ಯಾಬಿನ್ನಿಗೆ ಕರೆದರೆ ಅವತ್ತು ರಾತ್ರಿ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಮರುದಿನ ನಾನು ಬಿ.ಕಾಂ. ತರಗತಿಯಲ್ಲಿ ಕೂತು, ನೌಕರರ ತೃಪ್ತಿಗೂ ಸಂಸ್ಥೆಯ ಗುರಿಗೂ ಸಮನ್ವಯ ಸಾಧಿಸುವುದೇ ಮಾನವ ಸಂಪನ್ಮೂಲ ನಿರ್ವಹಣೆ ಎಂದು ನೋಟ್ಸ್ ಬರೆದುಕೊಳ್ಳುತ್ತಿದ್ದೆ.

ಈಗ ಅದೇ ವಿಷಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಆದ್ದರಿಂದ ಈ ತಕರಾರು ಹೊರಗಿನವಳದ್ದಲ್ಲ. ನಾನು ಬಿ.ಕಾಂ.ನಲ್ಲೂ ಎಂ.ಕಾಂ.ನಲ್ಲೂ ಓದಿದ ಮೂಲಪಾಠಗಳೆಲ್ಲ ಆ ಕ್ಯಾಬಿನ್ನಿನ ಒಳಗಿನ ಕುರ್ಚಿಯಲ್ಲಿ ಕೂತು ಬರೆದಂಥವು. ಬಾಗಿಲಾಚೆ ಕಾಯುತ್ತ ನಿಂತವಳಿಗೆ ಲೋಕ ಹೇಗೆ ಕಾಣುತ್ತದೆ ಎಂಬುದಕ್ಕೆ ಅಲ್ಲಿ ಒಂದು ಪುಟವೂ ಇರಲಿಲ್ಲ.

ಟೇಲರನನ್ನೇ ತೆಗೆದುಕೊಳ್ಳಿ. ವೈಜ್ಞಾನಿಕ ನಿರ್ವಹಣೆಯ ಪಿತಾಮಹ, ಐದು ಅಂಕ. ಅವನ 1911ರ ಪುಸ್ತಕದಲ್ಲಿ ಅವನೇ ಹೆಮ್ಮೆಯಿಂದ ಕೊಟ್ಟಿರುವ ಲೆಕ್ಕವನ್ನು ಮಾತ್ರ ನಮಗೆ ಯಾರೂ ಹೇಳಲಿಲ್ಲ. ಅಮೆರಿಕದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ದಿನಕ್ಕೆ 12.5 ಟನ್ ಕಬ್ಬಿಣದ ಗಟ್ಟಿ ಹೊರುತ್ತಿದ್ದ ಕೂಲಿಯವನು ಅವನ ವಿಧಾನದಿಂದ 47.5 ಟನ್ ಹೊತ್ತ. ಕೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರಿತು. ಕೆಲಸ ನಾಲ್ಕು ಪಟ್ಟಿನ ಹತ್ತಿರ, ಕೂಲಿ ಎರಡು ಪಟ್ಟೂ ಇಲ್ಲ. ಇದನ್ನು ಅಮ್ಮನಿಗೆ ಹೇಳಿದಾಗ ಅವಳು ಮೊದಲು ಕೇಳಿದ್ದು, ‘ಟೇಲರ್ ಅಂದ್ರೆ ಬಟ್ಟೆ ಹೊಲಿಯೋನಾ?’ ಎಂದು. ಆಮೇಲೆ ಲೆಕ್ಕ ಕೇಳಿಸಿಕೊಂಡು, ‘ಓ, ನಮ್ ಲೈನ್ ಪಕ್ಕ ವಾಚ್ ಹಿಡ್ಕೊಂಡು ನಿಲ್ತಾನಲ್ಲ, ಅಂಥೋನು’ ಎಂದಳು. ಐದು ಅಂಕಕ್ಕೆ ನಾನು ಬರೆದ ಉತ್ತರಕ್ಕಿಂತ ಅವಳದು ವಾಸಿ.

ಮ್ಯಾಕ್‌ಗ್ರೆಗರ್ 1960ರಲ್ಲಿ ಹೆಸರಿಟ್ಟ ಎಕ್ಸ್ ಸಿದ್ಧಾಂತವೂ ಅಷ್ಟೆ. ಕೆಲಸಗಾರ ಹುಟ್ಟಾ ಸೋಮಾರಿ, ಹೊಡೆದು ಬಡಿದು ಮಾಡಿಸಬೇಕು ಎಂಬ ಮೇಲಿನವರ ನಂಬಿಕೆಗೆ ಅವನು ಕೊಟ್ಟ ಹೆಸರದು. ಅದನ್ನು ಇಂಗ್ಲಿಷಿನಲ್ಲಿ ಉರು ಹೊಡೆದೆವು. ‘ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ’ ಅನ್ನುವ ನಮ್ಮದೇ ಗಾದೆ ಯಾರಿಗೂ ಹೊಳೆಯಲಿಲ್ಲ. ಆ ಗಾದೆ ಕಟ್ಟಿದವನು ಆಳು ಇಟ್ಟುಕೊಂಡವನೇ ಹೊರತು ಆಳಲ್ಲ ಎಂದು ಚರ್ಚಿಸಿದ್ದರೆ ಒಂದು ಇಡೀ ಅಧ್ಯಾಯ ಮುಗಿಯುತ್ತಿತ್ತು.

2016ರಲ್ಲಿ ಕೇಂದ್ರ ಸರ್ಕಾರ, ಪಿ.ಎಫ್.ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂಬ ನಿಯಮ ತಂದಿತು. ಏಪ್ರಿಲ್ 18, 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. 19ರಂದೇ ನಿಯಮ ವಾಪಸಾಯಿತು. ಅಮ್ಮನೂ ಹೋಗಿದ್ದಳು. ಆಗ ನಮಗೆ ಕುಂದುಕೊರತೆ ನಿವಾರಣೆಯ ಹಂತಗಳ ಪಾಠ ನಡೆಯುತ್ತಿತ್ತು. ರಸ್ತೆಯ ಸುದ್ದಿಯನ್ನು ತರಗತಿಯಲ್ಲಿ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಾಳೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವುದು ನನಗೆ ಬೇಕೂ ಇರಲಿಲ್ಲ.

‘ಇದು ವೃತ್ತಿಪರ ವಿಷಯ ಕಣಮ್ಮ, ಹೋರಾಟದ ಪಾಠವಲ್ಲ. ಹುಡುಗರಿಗೆ ಕೆಲಸ ಸಿಗಬೇಕು’ ಎನ್ನುತ್ತಾರೆ ಹಿರಿಯ ಪ್ರಾಧ್ಯಾಪಕರು. ಸರಿ, ಕೆಲಸದ ಮಾತನ್ನೇ ಆಡೋಣ. 2020ರ ಡಿಸೆಂಬರ್‌ನಲ್ಲಿ ಕೋಲಾರದ ನರಸಾಪುರದ ಐಫೋನ್ ಕಾರ್ಖಾನೆಯಲ್ಲಿ ಸಂಬಳದ ತಕರಾರು ದಾಂಧಲೆಗೆ ತಿರುಗಿತು. ಆಮೇಲೆ ಪರಿಶೀಲಿಸಿದ ರಾಜ್ಯದ ಕಾರ್ಖಾನೆಗಳ ಇಲಾಖೆ ಕಂಡದ್ದೇನು? ಕೆಲಸಗಾರರು ಅಲ್ಪಕಾಲದಲ್ಲಿ 5,000ದಿಂದ 10,500ಕ್ಕೆ ಏರಿದ್ದರು. ಕಾರ್ಮಿಕ ಕಾನೂನು ಚೆನ್ನಾಗಿ ಬಲ್ಲವರನ್ನಿಟ್ಟು ಎಚ್‌ಆರ್ ವಿಭಾಗವನ್ನು ಕಟ್ಟಿರಲಿಲ್ಲ. ಲಕ್ಷಣಗಳು ಹತ್ತು, ಕಾರ್ಯಗಳು ಹನ್ನೆರಡು ಎಂದು ಬಾಯಿಪಾಠ ಮಾಡಿದವರನ್ನು ಕಳಿಸಿದರೆ ಆ ಕೊರತೆ ತುಂಬುತ್ತದೆಯೆ, ಸಾರ್?

ಇನ್ನು ಪಾಠ ಮಾಡುವವರ ಕಥೆ. ಎಂ.ಕಾಂ.ನಲ್ಲಿ ನಮಗೆ ‘ನೇಮಕಾತಿ ಮತ್ತು ಆಯ್ಕೆ’ ಕಲಿಸಿದ ಮೇಷ್ಟ್ರು ಅತಿಥಿ ಉಪನ್ಯಾಸಕರು. ಸೆಮಿಸ್ಟರ್ ಮುಗಿದರೆ ಬಿಡುಗಡೆ, ಮತ್ತೆ ಅರ್ಜಿ, ಮತ್ತೆ ಕಾಯುವುದು. ಒಂದು ದಿನ ಬೋರ್ಡಿನ ಮೇಲೆ ‘ಉದ್ಯೋಗ ಭದ್ರತೆ’ ಎಂದು ಬರೆದು, ಅದನ್ನೇ ನೋಡುತ್ತ ನಿಂತು, ನಕ್ಕು, ‘ಇದನ್ನ ನೀವೇ ಓದ್ಕೊಳ್ಳಿ’ ಎಂದರು. ಆ ಅಧ್ಯಾಯದಲ್ಲಿ ನನಗೆ ನೆನಪಿರುವುದು ಅದೊಂದೇ.

ಈ ವಿಷಯವೇ ಬೇಡ ಎನ್ನುವವಳಲ್ಲ ನಾನು. ನನ್ನ ಸಬ್ಜೆಕ್ಟ್ ಕೇಳಿದೊಡನೆ ‘ಓ, ಮ್ಯಾನೇಜ್‌ಮೆಂಟಾ’ ಎಂದು ಮೂಗು ಮುರಿಯುವ ಸಾಹಿತ್ಯದ ಗೆಳೆಯರ ಮೇಲೂ ನನಗೆ ಸಿಟ್ಟಿದೆ. ಕವಿತೆಯಲ್ಲಿ ಕಾರ್ಮಿಕರಿಗಾಗಿ ಮರುಗುವವರು ಅವರ ರಜೆ, ಸಂಬಳ ತೀರ್ಮಾನಿಸುವ ಶಾಸ್ತ್ರದತ್ತ ಒಮ್ಮೆಯಾದರೂ ಕಣ್ಣು ಹಾಯಿಸಬೇಡವೆ? ಪಾಠ ಮಾಡುವವರಲ್ಲಿ ನಾನು ಕೇಳುವುದು ಸಣ್ಣದು. ಮೊದಲ ತರಗತಿಯಲ್ಲಿ ವ್ಯಾಖ್ಯಾನ ಬರೆಸಬೇಡಿ, ಒಂದು ಪೇ ಸ್ಲಿಪ್ ಕೊಡಿ. ಪಿ.ಎಫ್. ಯಾವುದರ ಮೇಲೆ ಹಿಡಿದಿದ್ದಾರೆ, ಓವರ್‌ಟೈಮಿಗೆ ಕಾನೂನು ಹೇಳುವ ದುಪ್ಪಟ್ಟು ಕೂಲಿ ಬಿದ್ದಿದೆಯೋ ಇಲ್ಲವೋ, ಹುಡುಗರೇ ಲೆಕ್ಕ ಹಾಕಲಿ.

ಕಳೆದ ಸೆಮಿಸ್ಟರಿನಲ್ಲಿ ಒಂದು ಬಿ.ಕಾಂ. ತರಗತಿ ತೆಗೆದುಕೊಳ್ಳಲು ನನ್ನನ್ನು ಕಳಿಸಿದ್ದರು. ಅಮ್ಮನ ಪೇ ಸ್ಲಿಪ್ಪನ್ನು ಹೆಸರು ಮುಚ್ಚಿ ಜೆರಾಕ್ಸ್ ಮಾಡಿಸಿ ಹಂಚಿದೆ. ‘ಇದು ಎಕ್ಸಾಮ್‌ಗೆ ಬರುತ್ತಾ ಮ್ಯಾಮ್?’ ಎಂದು ಮುಂದಿನ ಬೆಂಚಿನಿಂದ ಪ್ರಶ್ನೆ ಬಂತು. ಬರಲ್ಲ ಎಂದೆ. ಬೆಲ್ಲಾದ ಮೇಲೆ ನಾಲ್ಕೈದು ಜನ ಹಾಗೇ ಕೂತಿದ್ದರು. ಅವರಲ್ಲೊಬ್ಬಳು ಬಳಿ ಬಂದು ಮೆಲ್ಲಗೆ, ‘ನಾಳೆ ನಮ್ಮಮ್ಮಂದು ತರ್ಲಾ ಮ್ಯಾಮ್?’ ಎಂದಳು.