ಬೇರಿನ ಮಣ್ಣೂ ತೂಕಕ್ಕೆ ಬಂದರೆ

ಗೋವಿನಜೋಳದ ಸಾಲಿನ ನಡುವಿನಿಂದ ಕಿತ್ತ ಗಿಡಗಳನ್ನು ಬದುವಿನ ಮೇಲೆ ಒಟ್ಟಿದ್ದಾರೆ. ಮಳೆ ಬಿದ್ದು ಎರಡು ದಿನವಾಗಿದೆ, ಬೇರಿಗೆ ಎರಿ ಮಣ್ಣು ಮೆತ್ತಿಕೊಂಡಿದೆ. ಕಿರಾಣಿ ಅಂಗಡಿಯಿಂದ ತರಿಸಿದ ತೂಕದ ಯಂತ್ರದ ಮೇಲೆ ಸಿವುಡು ಕಟ್ಟಿ ಇಡುತ್ತಾರೆ. ಅಂಕಿ ನಿಂತ ಮೇಲೆ ಪಂಚನಾಮೆಯಲ್ಲಿ ಬರೆಯುತ್ತಾರೆ: ಹಸಿ ಗಾಂಜಾ ಗಿಡ 14, ಒಟ್ಟು ತೂಕ 21 ಕೆ.ಜಿ. ಪಂಚರಿಬ್ಬರು ಸಹಿ ಹಾಕುತ್ತಾರೆ. ಕತ್ತಲಾಗುವುದರೊಳಗೆ ಹೊಲದವನು ಠಾಣೆಯಲ್ಲಿ ಕೂತಿರುತ್ತಾನೆ.

ಇದು ನರಗುಂದ ತಾಲ್ಲೂಕಿನ ಚಿಕ್ಕನರಗುಂದದಲ್ಲಿ ಇಂಥ ದಿನ ನಡೆಯಿತು ಎಂದು ಹೇಳುತ್ತಿಲ್ಲ. ಲೆಕ್ಕ ಬಿಡಿಸಲು ಕಟ್ಟಿಕೊಂಡ ಚಿತ್ರ ಇದು. ಆದರೆ ಉತ್ತರ ಕರ್ನಾಟಕದ ಪತ್ರಿಕೆಗಳ ಜಿಲ್ಲಾ ಪುಟ ಓದುವವರಿಗೆ ಇಂಥ ಸುದ್ದಿ ಹೊಸದಲ್ಲ. ಹತ್ತಿ ಹೊಲದಲ್ಲಿ ಗಾಂಜಾ, ರೈತನ ಬಂಧನ. ಸುದ್ದಿ ಅಲ್ಲಿಗೆ ಮುಗಿಯುತ್ತದೆ, ಆ ಮನೆಯವರ ಪಾಡು ಅಲ್ಲಿಂದ ಶುರುವಾಗುತ್ತದೆ. ಅವನು ಎಷ್ಟು ದಿನ ಒಳಗಿರಬೇಕು, ಜಾಮೀನು ಸಿಕ್ಕೀತೇ, ತಪ್ಪು ಸಾಬೀತಾದರೆ ಎಷ್ಟು ವರ್ಷ ಎಂಬುದರಲ್ಲಿ ಮುಕ್ಕಾಲು ಪಾಲು ಆ 21 ಎಂಬ ಅಂಕಿಯಲ್ಲೇ ತೀರ್ಮಾನವಾಗಿರುತ್ತದೆ. ಹಳ್ಳಿಯವರು ಭಂಗಿ ಕೇಸು ಎನ್ನುವ ಈ ಗಾಂಜಾ ಕೇಸಿನಲ್ಲಿ ನ್ಯಾಯಾಧೀಶರು ತೂಗುವ ಮೊದಲೇ ತಕ್ಕಡಿ ತೂಗಿ ಮುಗಿಸಿರುತ್ತದೆ.

ಕಾನೂನು ಒಂದೇ: ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ. ಸಂಸತ್ತು ಮಾಡಿದ್ದು, ದೇಶಕ್ಕೆಲ್ಲ ಒಂದೇ. ಹಿಡಿಯುವುದು, ತನಿಖೆ ಮಾಡುವುದು ಹೆಚ್ಚಾಗಿ ರಾಜ್ಯದ ಪೊಲೀಸರು ಮತ್ತು ಅಬಕಾರಿಯವರು. 2001ರ ತಿದ್ದುಪಡಿಯ ನಂತರ ಶಿಕ್ಷೆಗೆ ಮೂರು ಮೆಟ್ಟಿಲು. ಗಾಂಜಾ ಒಂದು ಕೆ.ಜಿ.ಗಿಂತ ಕಡಿಮೆಯಿದ್ದರೆ ಸಣ್ಣ ಪ್ರಮಾಣ: ಒಂದು ವರ್ಷದವರೆಗೆ ಜೈಲು, ಇಲ್ಲವೇ 10 ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಅಲ್ಲಿಂದ 20 ಕೆ.ಜಿ.ವರೆಗೆ ಹತ್ತು ವರ್ಷದವರೆಗೆ ಕಠಿಣ ಸಜೆ, ಲಕ್ಷದವರೆಗೆ ದಂಡ. 20 ಕೆ.ಜಿ. ದಾಟಿತೋ, ಅದು ವಾಣಿಜ್ಯ ಪ್ರಮಾಣ. ಕನಿಷ್ಠ ಹತ್ತು ವರ್ಷ, ಗರಿಷ್ಠ ಇಪ್ಪತ್ತು, ಜೊತೆಗೆ ಒಂದರಿಂದ ಎರಡು ಲಕ್ಷ ದಂಡ. ಅಪರಾಧಿ ಬಡವ, ಮುದುಕ, ಮೊದಲ ಸಲದ ತಪ್ಪು ಎಂದು ಎಷ್ಟೇ ಮರುಗಿದರೂ ವಿಚಾರಣಾ ನ್ಯಾಯಾಲಯಕ್ಕೆ ಹತ್ತು ವರ್ಷದಿಂದ ಕೆಳಗಿಳಿಯುವ ಅಧಿಕಾರವಿಲ್ಲ.

ಜಾಮೀನಿನ ಕಥೆಯೂ ಹೀಗೇ. ವಾಣಿಜ್ಯ ಪ್ರಮಾಣವಾದರೆ 37ನೇ ಕಲಂ ಅಡ್ಡ ನಿಲ್ಲುತ್ತದೆ. ಸರ್ಕಾರಿ ಅಭಿಯೋಜಕರು ವಿರೋಧಿಸಿದರೆ, ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆ, ಹೊರಗೆ ಬಂದರೆ ಮತ್ತೆ ಇಂಥ ಅಪರಾಧ ಮಾಡಲಾರ ಎಂಬ ಎರಡೂ ಮಾತು ನ್ಯಾಯಾಧೀಶರಿಗೆ ಮನದಟ್ಟಾಗಬೇಕು. ವಿಚಾರಣೆ ಆರಂಭವಾಗುವ ಮೊದಲೇ ಅರ್ಧ ವಿಚಾರಣೆ ಗೆದ್ದ ಹಾಗೆ. ದೋಷಾರೋಪ ಪಟ್ಟಿ ಸಲ್ಲಿಸಲೂ ಪೊಲೀಸರಿಗೆ 180 ದಿನ ಅವಕಾಶ, ನ್ಯಾಯಾಲಯ ಒಪ್ಪಿದರೆ ವರ್ಷದವರೆಗೂ. ಅದೇ ತಕ್ಕಡಿ 19 ಕೆ.ಜಿ. ತೋರಿಸಿದ್ದರೆ? 37ರ ಅಡ್ಡಗೋಡೆ ಇಲ್ಲ. ಹತ್ತು ವರ್ಷದವರೆಗಿನ ಶಿಕ್ಷೆಯ ಅಪರಾಧಕ್ಕೆ ಪೊಲೀಸರ ಗಡುವು 60 ದಿನ ಎಂಬುದನ್ನು ಸುಪ್ರೀಂ ಕೋರ್ಟ್ 2017ರ ರಾಕೇಶ್ ಕುಮಾರ್ ಪಾಲ್ ತೀರ್ಪಿನಲ್ಲಿ ಬಿಡಿಸಿ ಹೇಳಿದೆ. ಗಡುವು ಮೀರಿದರೆ ಜಾಮೀನು ಹಕ್ಕು. ಆದರೆ ಕೇಳಿದರೆ ಮಾತ್ರ. ಪೊಲೀಸರು ಪಟ್ಟಿ ಸಲ್ಲಿಸುವ ಮೊದಲು ಅರ್ಜಿ ಹಾಕದಿದ್ದರೆ ಆ ಹಕ್ಕು ಕೈಜಾರುತ್ತದೆ. ಹೀಗೆ ಕೈಜಾರಿಸಿಕೊಳ್ಳುವವರು ಹೆಚ್ಚಾಗಿ ವಕೀಲರನ್ನು ತಡವಾಗಿ ಹುಡುಕಿದ ಮನೆಯವರು.

ಎರಡು ಕೆ.ಜಿ. ವ್ಯತ್ಯಾಸಕ್ಕೆ ಇಷ್ಟು ದೂರ. ಬೇರಿಗೆ ಮೆತ್ತಿದ ಮಣ್ಣೇ ಎರಡು ಕೆ.ಜಿ. ತೂಗದೇ?

ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡವಲ್ಲ. ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯ ಜೊತೆಯಲ್ಲಿ ಇಲ್ಲದ ಬೀಜ, ಎಲೆ ಲೆಕ್ಕಕ್ಕಿಲ್ಲ ಎಂದು ಎರಡನೇ ಕಲಂನಲ್ಲೇ ಬರೆದಿದೆ. ಬೇರು, ದಂಟು ವ್ಯಾಖ್ಯೆಯೊಳಗೆ ಬರುವುದೇ ಇಲ್ಲ. ಇದೇ ವ್ಯಾಖ್ಯೆಯ ಆಧಾರದ ಮೇಲೆ 2022ರಲ್ಲಿ ಕರ್ನಾಟಕ ಹೈಕೋರ್ಟ್ ಬೆಂಗಳೂರಿನ ಭಾಂಗ್ ಪ್ರಕರಣವೊಂದರಲ್ಲಿ, ಎಲೆಯಿಂದ ಮಾಡಿದ ಭಾಂಗ್ ಈ ಕಾಯ್ದೆಯಲ್ಲಿ ನಿಷೇಧಿತ ಎಂದು ಎಲ್ಲೂ ಹೇಳಿಲ್ಲವಲ್ಲ ಎಂದು ಗಮನಿಸಿ ಜಾಮೀನು ಕೊಟ್ಟಿತ್ತು. ಹಾಗಿದ್ದರೆ ಹೊಲದಲ್ಲಿ ಬುಡಸಮೇತ ಕಿತ್ತ ಹಸಿ ಗಿಡವನ್ನು ಇಡಿಯಾಗಿ ತೂಗಿ ಇಷ್ಟು ಕೆ.ಜಿ. ಗಾಂಜಾ ಎಂದು ಬರೆಯುವುದು ಯಾವ ಲೆಕ್ಕ? ಗಾಂಜಾ ಕೇಸಿನಲ್ಲಿ ಪಳಗಿದ ವಕೀಲರು ಮೊದಲು ಕೈಹಾಕುವುದು ಇಲ್ಲಿಗೇ: ತುದಿಯನ್ನು ಬೇರೆ ಮಾಡಿ ತೂಗಿದ್ದೀರಾ? ಗಿಡದಲ್ಲಿ ಹೂ ಇತ್ತೇ? ಎಳೆಯ ಗಿಡವಾಗಿದ್ದರೆ ಗಾಂಜಾ ಎಲ್ಲಿಂದ ಬಂತು?

ಹಾಗೆಂದು ಹೂ ಬಿಡದ ಗಿಡ ಬೆಳೆಸಿದವನು ಪಾರಾದ ಎಂದಲ್ಲ. 20ನೇ ಕಲಂನಲ್ಲಿ ಎರಡು ಬೇರೆ ಬೇರೆ ಅಪರಾಧಗಳಿವೆ. ಮೊದಲನೆಯದು ಗಿಡ ಬೆಳೆಸುವುದು, ಎರಡನೆಯದು ಗಾಂಜಾ ಇಟ್ಟುಕೊಳ್ಳುವುದು, ಸಾಗಿಸುವುದು, ಮಾರುವುದು. ಬೆಳೆಸುವ ಅಪರಾಧಕ್ಕೆ ತೂಕದ ಹಂಗಿಲ್ಲ. ಒಂದು ಗಿಡವೋ ನೂರು ಗಿಡವೋ, ಹತ್ತು ವರ್ಷದವರೆಗೆ ಶಿಕ್ಷೆ ಕೊಡಬಹುದು. ಆದರೆ ಕನಿಷ್ಠ ಶಿಕ್ಷೆ ಎಂಬುದಿಲ್ಲ. ನಾಲ್ಕು ಗಿಡ ಬೆಳೆಸಿದ ಅಜ್ಜನಿಗೆ ನ್ಯಾಯಾಧೀಶರು ಆರು ತಿಂಗಳಿಗೂ ನಿಲ್ಲಿಸಬಹುದು. ವಾಣಿಜ್ಯ ಪ್ರಮಾಣ ಎಂಬ ಮಾತೇ ಆ ಉಪಕಲಂನಲ್ಲಿ ಇಲ್ಲದ ಮೇಲೆ 37ರ ನಿರ್ಬಂಧ ಅದಕ್ಕೆ ಹೇಗೆ ಅನ್ವಯಿಸುತ್ತದೆ ಎಂದು ಜಾಮೀನು ಅರ್ಜಿಯಲ್ಲಿ ವಾದಿಸಲು ಗಟ್ಟಿ ನೆಲೆಯಿದೆ. ಎಫ್‌ಐಆರ್‌ನಲ್ಲಿ ಎರಡೂ ಉಪಕಲಂ ಒಟ್ಟಿಗೆ ಹಾಕಿದಾಗ, ನೆಲದಲ್ಲಿ ಬೇರೂರಿ ನಿಂತಿದ್ದ ಗಿಡ ‘ಬೆಳೆಸಿದ್ದೋ’ ‘ಇಟ್ಟುಕೊಂಡದ್ದೋ’ ಎಂಬ ಪ್ರಶ್ನೆಯೇ ಒಬ್ಬನ ಹತ್ತು ವರ್ಷವನ್ನು ಉಳಿಸಬಹುದು. ನನ್ನ ಅನಿಸಿಕೆ ಸ್ಪಷ್ಟ: ನಿಂತ ಬೆಳೆಗೆ ಹಾಕಬೇಕಾದದ್ದು ಬೆಳೆಸಿದ ಆರೋಪ. ಕಿತ್ತು ತೂಗಿ ಅದನ್ನು ದಾಸ್ತಾನಾಗಿ ಮಾಡಬಾರದು.

ಇದರಿಂದ ದಂಧೆಯವರಿಗೆ ಅನುಕೂಲವಾಗುತ್ತದೆ ಎಂಬ ಆಕ್ಷೇಪ ಬರುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೊಲೀಸರು ಕಲಬುರಗಿ ಜಿಲ್ಲೆಯ ಕುರಿ ಸಾಕಣೆ ಜಾಗವೊಂದರ ನೆಲದಡಿ ಒಂದು ಟನ್ನಿಗೂ ಹೆಚ್ಚು ಗಾಂಜಾ ಹಿಡಿದರು. ಅಂಥ ದಾಸ್ತಾನಿನಲ್ಲಿ ದಂಟು ಕಳೆದರೇನು, ಬೇರು ಕಳೆದರೇನು? ಈ ಲೆಕ್ಕದಿಂದ ಬದುಕುವುದು 20 ಕೆ.ಜಿ. ಗೆರೆಯ ಆಸುಪಾಸಿನಲ್ಲಿ ಸಿಕ್ಕವನು ಮಾತ್ರ.

ಮುಂದಿನ ಪ್ರಶ್ನೆ: ಬೆಳೆಸಿದ್ದು ಯಾರು? ಉತಾರದಲ್ಲಿ ತೀರಿಹೋದ ಅಪ್ಪನ ಹೆಸರಿರುತ್ತದೆ, ಅಣ್ಣತಮ್ಮಂದಿರ ಪಾಲು ಬಾಯಿಮಾತಿನಲ್ಲಿ ಆಗಿರುತ್ತದೆ, ಹೊಲ ಲಾವಣಿಗೆ ಹೋಗಿರುತ್ತದೆ. ಉತಾರದಲ್ಲಿ ಹೆಸರಿದೆ ಎಂಬಷ್ಟಕ್ಕೆ ಅಪರಾಧ ರುಜುವಾಗುವುದಿಲ್ಲ. ಗೊತ್ತಿದ್ದೂ ಬಿಟ್ಟುಕೊಟ್ಟ, ಗೊತ್ತಿದ್ದೂ ತಿಳಿಸಲಿಲ್ಲ ಎಂಬುದೇ ಮಾಲೀಕನ ಮೇಲಿನ ಆರೋಪದ ಜೀವ. ತನ್ನ ಜಮೀನಿನಲ್ಲಿ ಇಂಥ ಗಿಡ ಕಂಡರೆ ಕೂಡಲೇ ಪೊಲೀಸರಿಗೆ ತಿಳಿಸುವುದು 46ನೇ ಕಲಂ ಪ್ರಕಾರ ಹಿಡುವಳಿದಾರನ ಕರ್ತವ್ಯ. ಊರಿಗೆ ಬಾರದೆ ಹುಬ್ಬಳ್ಳಿಯಲ್ಲೋ ಪುಣೆಯಲ್ಲೋ ದುಡಿಯುವ ಅಣ್ಣನಿಗೂ, ಸಾಲು ಸಾಲು ಕಳೆ ತೆಗೆಸಿದ ತಮ್ಮನಿಗೂ ವ್ಯತ್ಯಾಸ ತೋರಿಸಬೇಕು. ಲಾವಣಿ ಚೀಟಿ, ಬಾಡಿಗೆ ಮನೆಯ ಕರಾರು, ಸಂಬಳದ ದಾಖಲೆ ಕೆಲಸಕ್ಕೆ ಬರುವುದು ಆಗ. ‘ತಾನಾಗಿಯೇ ಹುಟ್ಟಿದ್ದು’ ಎಂಬ ಉತ್ತರಕ್ಕೆ ಮಾತ್ರ ಹೆಚ್ಚು ಬೆಲೆ ಸಿಗುವುದಿಲ್ಲ. ಆರೋಪಿಯ ಮನಸ್ಸಿನಲ್ಲಿ ಉದ್ದೇಶವಿತ್ತು ಎಂದೇ ಈ ಕಾಯ್ದೆ ಊಹಿಸಿಕೊಳ್ಳುತ್ತದೆ, ಇರಲಿಲ್ಲವೆಂದು ತೋರಿಸುವ ಹೊರೆ ಅವನದು. ಆದರೆ 2008ರ ನೂರ್ ಆಗಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ಬುನಾದಿಯ ಸಂಗತಿಗಳನ್ನು ಪೊಲೀಸರು ರುಜುಪಡಿಸಿದ ಮೇಲೆಯೇ ಆ ಹೊರೆ ಆರೋಪಿಯ ಹೆಗಲಿಗೆ ಬರುತ್ತದೆ. ಠಾಣೆಯಲ್ಲಿ ಬರೆಸಿಕೊಂಡ ತಪ್ಪೊಪ್ಪಿಗೆಯಿಂದ ಆ ಬುನಾದಿ ಏಳದು. ತನಿಖಾಧಿಕಾರಿಗಳ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗದು ಎಂಬುದು 2020ರ ತೂಫಾನ್ ಸಿಂಗ್ ತೀರ್ಪಿನಿಂದ ಇತ್ಯರ್ಥವಾಗಿದೆ.

ಇನ್ನೊಂದು ಸಮಜಾಯಿಷಿ ಭಕ್ತಿಯದು. ಉತ್ತರ ಕರ್ನಾಟಕದ ಕೆಲವು ಗದ್ದುಗೆಗಳ ಸುತ್ತ ಗಾಂಜಾ ಚಿಲುಮೆಗೆ ಹಳೆಯ ನಂಟಿದೆ. ‘ಅಜ್ಜಾರ ಪ್ರಸಾದ’ ಎನ್ನುವವರಿದ್ದಾರೆ. ಕಾಯ್ದೆಯಲ್ಲಿ ಭಕ್ತಿಗೆ ರಿಯಾಯಿತಿ ಇಲ್ಲ.

ಕಾರ್ಯವಿಧಾನದ ಲೋಪ ಹಿಡಿದು ಪಾರಾಗುವ ಬಗೆಗೆ ಊರಲ್ಲಿ ದಂತಕಥೆಗಳಿವೆ. ಕೆಲವು ನಿಜ, ಕೆಲವು ಅರ್ಧ ನಿಜ. ಮೈ ತಪಾಸಣೆ ಮಾಡುವಾಗ ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಮಾಡಿಸಿಕೊಳ್ಳುವ ಹಕ್ಕು ನಿನಗಿದೆ ಎಂದು ತಿಳಿಸದಿದ್ದರೆ ಆ ಜಪ್ತಿಗೆ ಬಲವಿಲ್ಲ. ಅದು 50ನೇ ಕಲಂ. ಆದರೆ ಅದು ಮೈಗೆ ಮಾತ್ರ. ಕೈಚೀಲಕ್ಕೆ ಅನ್ವಯಿಸದು, ಹೊಲದ ಗಿಡಕ್ಕಂತೂ ಅಲ್ಲವೇ ಅಲ್ಲ. ಜಪ್ತಿ ಮಾಡಿದ ಮುದ್ದೆಮಾಲಿನ ಮಾದರಿಯನ್ನು ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲೇ ತೆಗೆಯಬೇಕು ಎನ್ನುತ್ತದೆ 52ಎ ಕಲಂ. ಹಾಗೆ ಮಾಡದ ಪ್ರಕರಣಗಳಲ್ಲಿ ಆರೋಪಿಗಳು ಬಿಡುಗಡೆಯಾದದ್ದುಂಟು. ಆದರೆ 2025ರ ಜನವರಿಯಲ್ಲಿ ಛತ್ತೀಸಗಡದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಬೇರೆ ಸಾಕ್ಷ್ಯ ಗಟ್ಟಿಯಿದ್ದರೆ ಇದೊಂದೇ ಲೋಪಕ್ಕೆ ಪ್ರಕರಣ ಬೀಳದು ಎಂದಿತು. ಲೋಪವನ್ನು ತೋರಿಸಿದರೆ ಸಾಲದು, ಅದರಿಂದ ಮಾಲಿನ ಗುರುತೇ ಅನುಮಾನಕ್ಕೆ ಬಿತ್ತು ಎಂದು ತೋರಿಸಬೇಕು.

ಹೊಲದ ಕೇಸಿಗಿಂತ ಹೆಚ್ಚು ಮನೆಗಳನ್ನು ತಟ್ಟುವುದು ಹುಡುಗರ ಕೇಸು. ಬಸ್ ನಿಲ್ದಾಣದ ಹಿಂದೆ ಸೇದುತ್ತಿದ್ದ, ಮೂತ್ರ ಪರೀಕ್ಷೆಯಲ್ಲಿ ಬಂತು. 27ನೇ ಕಲಂ: ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಜೈಲು ಅಥವಾ 10 ಸಾವಿರದವರೆಗೆ ದಂಡ. ‘ದಂಡ ಕಟ್ಟಿ ಮುಗಿಸಿಕೊಂಡು ಬಾ’ ಎಂದು ಮನೆಯ ಹಿರಿಯರು ಹೇಳುತ್ತಾರೆ. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಅದು ಶಿಕ್ಷೆಯಾದಂತೆಯೇ. ನಾಳೆ ಸೈನ್ಯಕ್ಕೋ ಪೊಲೀಸ್ ಪೇದೆಗೋ ಅರ್ಜಿ ಹಾಕಿದಾಗ ಪೂರ್ವಾಪರ ಪರಿಶೀಲನೆಯಲ್ಲಿ ಅದು ಎದ್ದು ಬರುತ್ತದೆ. ಚಟಕ್ಕೆ ಬಿದ್ದ ಹುಡುಗನಾದರೆ 64ಎ ಎಂಬ ಬೇರೆಯದೇ ಬಾಗಿಲಿದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತವನು ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ತಾನಾಗಿ ಚಿಕಿತ್ಸೆಗೆ ಸೇರಿ ಪೂರ್ತಿಗೊಳಿಸಿದರೆ ಮೊಕದ್ದಮೆಯಿಂದಲೇ ವಿನಾಯಿತಿ. ಅರ್ಧಕ್ಕೆ ಬಿಟ್ಟರೆ ವಿನಾಯಿತಿ ಹೋಗುತ್ತದೆ. ಧಾರವಾಡದ ಡಿಮ್ಹಾನ್ಸ್ ನಮ್ಮ ಭಾಗದವರಿಗೆ ದೂರವೇನಲ್ಲ. ಈ ಬಾಗಿಲು ಎಷ್ಟು ಠಾಣೆಗಳಲ್ಲಿ, ಎಷ್ಟು ವಕೀಲರ ಕಚೇರಿಗಳಲ್ಲಿ ನೆನಪಾಗುತ್ತದೆ ಎಂಬ ಅನುಮಾನ ನನಗಿದೆ.

ಚಿಕ್ಕನರಗುಂದಕ್ಕೆ ಪೊಲೀಸು, ಕೋರ್ಟು ಹೊಸದಲ್ಲ. 1980ರ ಜುಲೈ 21ರಂದು ನರಗುಂದದ ರೈತ ಬಂಡಾಯದಲ್ಲಿ ಗುಂಡಿಗೆ ಬಲಿಯಾದ ವೀರಪ್ಪ ಕಡ್ಲಿಕೊಪ್ಪ ಈ ಊರಿನವರು. ಅಂದಿನ ಮಲಪ್ರಭೆಯ ಕರದ ಹೋರಾಟವಿರಲಿ, ಇತ್ತೀಚಿನ ಮಹದಾಯಿ ಹೋರಾಟವಿರಲಿ, ಬಿದ್ದ ಕೇಸುಗಳನ್ನು ಈ ಸೀಮೆ ಒಟ್ಟಾಗಿ ಹೊತ್ತಿದೆ, ಹಿಂಪಡೆಯಿರಿ ಎಂದು ಬೀದಿಗಿಳಿದಿದೆ. ಭಂಗಿ ಕೇಸಿಗೆ ಆ ಹೆಗಲು ಸಿಗುವುದಿಲ್ಲ. ಜಾಮೀನು ಮಂಜೂರಾದ ಮೇಲೂ ಉತಾರ ಹಿಡಿದು ಬಂದು ನಿಲ್ಲುವ ಜಾಮೀನುದಾರ ಸಿಗದೆ ಹೆಂಡತಿ ಮನೆಮನೆ ಅಲೆಯುವುದುಂಟು. ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗಬೇಕು. 15100ಕ್ಕೆ ಫೋನ್ ಮಾಡಿದರೆ ಸಾಕು. ವಾರ ಕಳೆದ ಮೇಲೆ ಮಾಡಬೇಡಿ, ಮೊದಲ ದಿನವೇ ಮಾಡಿ.

ಯಾಕೆಂದರೆ ಮೊದಲ ದಿನದ ತೂಕವನ್ನು ಪ್ರಶ್ನಿಸಲು ಈಗ ಹೊಸದೊಂದು ಸಾಕ್ಷಿ ಇದೆ. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧನೆ ಮತ್ತು ಜಪ್ತಿಯನ್ನು ವಿಡಿಯೊ ಚಿತ್ರೀಕರಿಸಬೇಕು, ಮೊಬೈಲ್‌ನಲ್ಲಾದರೂ ಸರಿ. ಪೊಲೀಸರಿಗೂ ಕಷ್ಟವಿದೆ ಎಂಬುದನ್ನು ಒಪ್ಪುತ್ತೇನೆ. ಕತ್ತಲಾಗುತ್ತಿರುತ್ತದೆ, ಕೆಸರಿನಲ್ಲಿ ನಿಂತು ತುದಿ ಬಿಡಿಸುತ್ತ ಕೂರಲು ಸಿಬ್ಬಂದಿ ಇರುವುದಿಲ್ಲ. ಅದಕ್ಕೇ ಗೃಹ ಇಲಾಖೆ ಒಂದು ಪುಟದ ಸುತ್ತೋಲೆ ಹೊರಡಿಸಿ, ಗಿಡದ ಎಣಿಕೆ ಹೊಲದಲ್ಲೇ ಆಗಲಿ, ಹೂವಿನ ತುದಿಯ ತೂಕವನ್ನು ಬೇರೆಯಾಗಿ, ಮ್ಯಾಜಿಸ್ಟ್ರೇಟರ ಮುಂದೆ ಮಾಡಲಿ ಎನ್ನಬೇಕು. ಅಲ್ಲಿಯತನಕ ಆರೋಪಿಯ ವಕೀಲರು ಕೇಳಿ ಪಡೆಯಬೇಕಾದದ್ದು ಆ ವಿಡಿಯೊ. ಸಿವುಡನ್ನು ತಕ್ಕಡಿಗೆ ಇಡುವ ಮುನ್ನ ಯಾರಾದರೂ ಬೇರಿನ ಮಣ್ಣು ಕೊಡವಿದರೋ ಇಲ್ಲವೋ ಎಂಬುದು ಅದರಲ್ಲಿ ಕಾಣುತ್ತದೆ.