ಅಂಗಡಿಯ ಎರಡನೇ ಬೋರ್ಡ್

ನಾಮಫಲಕದ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕೆಂಬ ತಿದ್ದುಪಡಿ 2024ರಲ್ಲಿ ಕಾನೂನಾದ ಮೇಲೆ ಬೆಂಗಳೂರಿನ ಅನೇಕ ಅಂಗಡಿಯವರು ಕೈಯಿಂದ ದುಡ್ಡು ಹಾಕಿ ಹೊಸ ಬೋರ್ಡ್ ಬರೆಸಿದರು. ಆದರೆ ಪ್ರತಿ ಅಂಗಡಿಗೂ ಈಗ ಇನ್ನೊಂದು ಬೋರ್ಡ್ ಇದೆ. ಅದು ಗಿರಾಕಿಯ ಫೋನಿನೊಳಗೆ ಇದೆ, ಅವನು ಮನೆಯಿಂದ ಹೊರಡುವ ಮೊದಲೇ ಅದನ್ನು ನೋಡಿರುತ್ತಾನೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಯ ಸಣ್ಣ ಅಂಗಡಿಗಳನ್ನು ಮ್ಯಾಪಿನಲ್ಲಿ ಹುಡುಕಿದರೆ ಈ ಎರಡನೇ ಬೋರ್ಡಿನ ಸ್ಥಿತಿ ಗೊತ್ತಾಗುತ್ತದೆ. ಕೆಲವು ಅಂಗಡಿಗಳು ಅಲ್ಲಿ ಇಲ್ಲವೇ ಇಲ್ಲ. ಇರುವ ಕೆಲವಕ್ಕೆ ಫೋನ್ ನಂಬರ್ ಇಲ್ಲ, ಬಾಗಿಲು ತೆರೆಯುವ ಹೊತ್ತು ತಪ್ಪಾಗಿದೆ, ಗುರುತು ಹಿಂದಿನ ರಸ್ತೆಯ ಮೇಲೆ ಬಿದ್ದಿದೆ. ಹೆಸರು ಇಂಗ್ಲಿಷಿನಲ್ಲಿ ಮಾತ್ರ ಇದೆ. ಸಣ್ಣ ವ್ಯಾಪಾರಿಗೆ ಆನ್‌ಲೈನ್ ಪ್ರಚಾರ ಬೇಕು ಎಂದಾಗಲೆಲ್ಲ ಮಾತು ಜಾಹೀರಾತು, ರೀಲ್ಸ್, ಫಾಲೋವರ್‌ಗಳ ಕಡೆಗೆ ಓಡುತ್ತದೆ. ನನ್ನ ವಾದ ಇಷ್ಟೇ: ಪಶ್ಚಿಮ ಬೆಂಗಳೂರಿನ ಸಣ್ಣ ಅಂಗಡಿಗೆ ಮೊದಲು ಬೇಕಾಗಿರುವುದು ಎರಡು ಕಿಲೋಮೀಟರ್ ಸುತ್ತಿನ ಜನಕ್ಕೆ ಕನ್ನಡದಲ್ಲಿ, ಸರಿಯಾಗಿ ಸಿಗುವುದು. ಅದಕ್ಕೆ ಖರ್ಚಿಲ್ಲ. ಅದನ್ನು ಮಾಡದೆ ಜಾಹೀರಾತಿಗೆ ಸುರಿಯುವ ದುಡ್ಡು ದಂಡ.

ಹತ್ತಿರದ ಅಂಗಡಿಗಳನ್ನು ತೋರಿಸುವಾಗ ತಾನು ಮುಖ್ಯವಾಗಿ ಮೂರು ವಿಷಯ ನೋಡುತ್ತೇನೆಂದು ಗೂಗಲ್ ಹೇಳುತ್ತದೆ: ಹುಡುಕಿದ ಮಾತಿಗೆ ಅಂಗಡಿ ಎಷ್ಟು ಹೊಂದುತ್ತದೆ, ಹುಡುಕುವವರಿಂದ ಎಷ್ಟು ದೂರವಿದೆ, ಎಷ್ಟು ಹೆಸರು ಮಾಡಿದೆ. ಈ ಮೂರರಲ್ಲಿ ದೂರವನ್ನು ಯಾವ ದೊಡ್ಡ ಕಂಪನಿಯೂ ದುಡ್ಡು ಕೊಟ್ಟು ಕೊಳ್ಳಲಾರದು. ಹಾವನೂರು ವೃತ್ತದ ಬಳಿ ನಿಂತು ಗ್ರಂಥಿಗೆ ಅಂಗಡಿ ಹುಡುಕುವವರಿಗೆ ಬಸವೇಶ್ವರನಗರದ ಅಂಗಡಿಯೇ ಮೊದಲು ಕಾಣಬೇಕು, ಚಿಕ್ಕಪೇಟೆಯದಲ್ಲ. ಹಾಗೆ ಕಾಣದಿದ್ದರೆ ಆ ಅಂಗಡಿ ಏನು ಮಾರುತ್ತದೆಂಬುದು ಮ್ಯಾಪಿಗೆ ತಿಳಿದಿಲ್ಲ ಎಂದೇ ಬಹುಮಟ್ಟಿಗೆ ಅರ್ಥ. ನಮ್ಮ ಭಾಗದಲ್ಲಿ ಮ್ಯಾಪಿನ ಗುರುತಿಗೆ ಇನ್ನೂ ಒಂದು ಮಹತ್ವವಿದೆ. ರಾಜಾಜಿನಗರದಲ್ಲಿ ಬ್ಲಾಕು, ಮುಖ್ಯರಸ್ತೆ, ಅಡ್ಡರಸ್ತೆ ಎಲ್ಲವೂ ಸಂಖ್ಯೆಗಳೇ. ಬ್ಲಾಕ್ ಹೇಳದೆ ಅಡ್ಡರಸ್ತೆ ಹೇಳಿದರೆ ಆಟೋದವರೂ ದಾರಿ ತಪ್ಪುತ್ತಾರೆ. ಹಳಬರು ನವರಂಗ್, ಭಾಷ್ಯಂ ವೃತ್ತ, ಮಾರುತಿ ಮಂದಿರ ಎಂದು ಗುರುತು ಹೇಳಿ ದಾರಿ ತೋರಿಸಬಲ್ಲರು. ಮೆಟ್ರೊದಲ್ಲಿ ಬಂದಿಳಿಯುವವರಿಗೆ ಆ ಗುರುತುಗಳು ಗೊತ್ತಿಲ್ಲ. 2014ರಲ್ಲಿ ರಾಜಾಜಿನಗರಕ್ಕೆ, 2015ರಲ್ಲಿ ವಿಜಯನಗರಕ್ಕೆ, 2021ರಲ್ಲಿ ಕೆಂಗೇರಿಗೆ ಮೆಟ್ರೊ ಬಂತು. ಅದರ ಜೊತೆಗೇ ಬಾಡಿಗೆ ಮನೆ ಹುಡುಕಿಕೊಂಡು ಹೊಸಬರೂ ಬಂದರು. ‘ನಮ್ಮ ಗಿರಾಕಿಗಳಿಗೆ ನಮ್ಮ ಅಂಗಡಿ ಗೊತ್ತು’ ಎನ್ನುವ ಮಾತು ಹಳೆಯ ಗಿರಾಕಿಗಳ ಮಟ್ಟಿಗೆ ಸರಿ. ಆದರೆ ಹಳೆಯ ಮನೆಗಳು ಅಪಾರ್ಟ್‌ಮೆಂಟುಗಳಾಗುತ್ತಿರುವ ಬಡಾವಣೆಯಲ್ಲಿ ಹಳೆಯ ಗಿರಾಕಿಗಳನ್ನಷ್ಟೇ ನಂಬಿ ಕೂತರೆ ವ್ಯಾಪಾರ ಬೆಳೆಯದು.

ಕನ್ನಡದ ಮಾತಿಗೆ ಬರೋಣ. ಮ್ಯಾಪಿನಲ್ಲಿರುವ ಹೆಸರುಗಳನ್ನು ಯಂತ್ರವೇ ಲಿಪ್ಯಂತರ ಮಾಡಿ ಕನ್ನಡವೂ ಸೇರಿದಂತೆ ಹತ್ತು ಭಾರತೀಯ ಭಾಷೆಗಳಲ್ಲಿ ತೋರಿಸುವ ವ್ಯವಸ್ಥೆಯನ್ನು ಗೂಗಲ್ 2021ರ ಜನವರಿಯಲ್ಲಿ ಪ್ರಕಟಿಸಿತು. ಅನುಕೂಲವೇನೋ ಹೌದು. ಆದರೆ ಇಂಗ್ಲಿಷ್ ಅಕ್ಷರಗಳಿಂದ ಕನ್ನಡದ ಹೆಸರನ್ನು ಊಹಿಸುವ ಯಂತ್ರಕ್ಕೆ ಹ್ರಸ್ವ ದೀರ್ಘಗಳ, ಲ ಳಗಳ ಭೇದ ತಿಳಿಯುವುದು ಕಷ್ಟ. ಹೊರಗಿನ ಬೋರ್ಡಿನಲ್ಲಿ ತಪ್ಪಿಲ್ಲದೆ ಬರೆಸಿದ ಹೆಸರು ಒಳಗಿನ ಬೋರ್ಡಿನಲ್ಲಿ ವಿಕಾರವಾಗಿ ಕಾಣುವುದನ್ನು ತಡೆಯಬೇಕಾದರೆ ಮಾಲೀಕರೇ ಅದನ್ನು ಕನ್ನಡದಲ್ಲಿ ಬರೆಯಬೇಕು. ಅಂಗಡಿಯ ವಿವರವನ್ನೂ ಕನ್ನಡದಲ್ಲಿ ಕೊಡಬೇಕು: ಬ್ಲೌಸ್ ಹೊಲಿಯುತ್ತೇವೆ, ಸೀರೆಗೆ ಕುಚ್ಚು ಹಾಕುತ್ತೇವೆ, ಮಿಕ್ಸಿ ರಿಪೇರಿ ಮಾಡುತ್ತೇವೆ, ರಾಗಿ ಬೀಸಿ ಕೊಡುತ್ತೇವೆ. ಟೈಪ್ ಮಾಡಲು ಬಾರದ ತಾಯಂದಿರೂ ಈಗ ಫೋನಿಗೆ ಕನ್ನಡದಲ್ಲೇ ಮಾತಾಡಿ ಹುಡುಕುತ್ತಾರೆ. ಅವರು ಹುಡುಕುವ ಮಾತಿನಲ್ಲೇ ಅಂಗಡಿ ತನ್ನ ಕೆಲಸ ಹೇಳಿಕೊಳ್ಳದಿದ್ದರೆ ಇಬ್ಬರಿಗೂ ಭೇಟಿಯಾಗುವುದಿಲ್ಲ. ಇದು ಮನೆಸಾಮಾನಿನ ಅಂಗಡಿಗಳಿಗೆ ಮಾತ್ರ ಹೇಳುವ ಮಾತೂ ಅಲ್ಲ. ಕಾಮಾಕ್ಷಿಪಾಳ್ಯದಲ್ಲೋ ರಾಜಾಜಿನಗರ ಕೈಗಾರಿಕಾ ಎಸ್ಟೇಟಿನಲ್ಲೋ ಒಂದೆರಡು ಲೇತ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವ ವರ್ಕ್‌ಶಾಪಿಗೆ ಗಿರಾಕಿ ಪೀಣ್ಯದಿಂದಲೂ ಬರಬಹುದು, ಹೊಸೂರಿನಿಂದಲೂ ಬರಬಹುದು. ‘ಎಂಜಿನಿಯರಿಂಗ್ ವರ್ಕ್ಸ್’ ಎಂಬ ಹೆಸರಷ್ಟರಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಟರ್ನಿಂಗೋ, ಮಿಲ್ಲಿಂಗೋ, ಗೇರ್ ಕಟಿಂಗೋ, ಎಷ್ಟು ಉದ್ದದ ಶಾಫ್ಟ್ ಹಿಡಿಯುತ್ತದೆ ಎಂಬುದನ್ನು ಬರೆದು, ಯಂತ್ರದ ಒಂದು ಫೋಟೊ ಹಾಕಿದರೆ ಅದಕ್ಕಿಂತ ಒಳ್ಳೆಯ ಜಾಹೀರಾತಿಲ್ಲ.

ಇದೆಲ್ಲವೂ ಉಚಿತ ಎಂಬುದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಇದಕ್ಕೇ ದುಡ್ಡು ಕೇಳುವವರು ಬಹಳ ಮಂದಿ ಇದ್ದಾರೆ. ‘ಗೂಗಲ್‌ನಲ್ಲಿ ನಿಮ್ಮ ಅಂಗಡಿಯನ್ನು ಮೊದಲನೇ ಸ್ಥಾನಕ್ಕೆ ತರುತ್ತೇವೆ’ ಎಂದು ಕರೆ ಮಾಡುವವರ ಮಾತಿಗೆ ಆಧಾರವಿಲ್ಲ. ಹತ್ತಿರದ ಅಂಗಡಿಗಳ ಪಟ್ಟಿಯಲ್ಲಿ ದುಡ್ಡು ಕೊಟ್ಟು ಮೇಲಿನ ಸ್ಥಾನ ಪಡೆಯುವ ದಾರಿಯೇ ಇಲ್ಲ ಎಂದು ಗೂಗಲ್ ಸ್ಪಷ್ಟವಾಗಿ ಬರೆದಿದೆ. ಜಾಹೀರಾತು ಎಂಬ ಗುರುತಿನೊಂದಿಗೆ ಕಾಣುವ ಸಾಲುಗಳು ಬೇರೆ, ಅವಕ್ಕೆ ದುಡ್ಡು ಕೊಡಬೇಕು. ಅಂಥ ಜಾಹೀರಾತಿನ ಲೆಕ್ಕವನ್ನೂ ಮಾಡಿ ನೋಡೋಣ. ಒಂದು ದಿನಸಿ ಅಂಗಡಿಗೆ ನೂರು ರೂಪಾಯಿ ವ್ಯಾಪಾರದಲ್ಲಿ ಹತ್ತು ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 5,000 ರೂಪಾಯಿ ಜಾಹೀರಾತಿಗೆ ಹಾಕಿದರೆ ಶೇ 18 ಜಿಎಸ್‌ಟಿ ಸೇರಿ 5,900 ಆಗುತ್ತದೆ. ನೋಂದಣಿಯಿಲ್ಲದ ಅಂಗಡಿಗೆ ಆ ತೆರಿಗೆ ವಾಪಸು ಬರುವುದಿಲ್ಲ. ಆ ದುಡ್ಡು ಹುಟ್ಟಬೇಕಾದರೆ ಜಾಹೀರಾತಿನಿಂದಲೇ 59,000 ರೂಪಾಯಿಯ ಹೊಸ ವ್ಯಾಪಾರ ಬರಬೇಕು, ಅಷ್ಟಾದರೂ ಲಾಭ ಸೊನ್ನೆ. ಟ್ಯೂಷನ್ ಸೆಂಟರಿಗೋ ಬ್ಯೂಟಿ ಪಾರ್ಲರಿಗೋ ಈ ಲೆಕ್ಕ ಬೇರೆಯಾಗುತ್ತದೆ. ಅವರಿಗೆ ಒಬ್ಬ ಹೊಸ ಗಿರಾಕಿಯಿಂದ ಹಲವು ತಿಂಗಳು ಆದಾಯ ಬರುತ್ತದೆ, ಆದ್ದರಿಂದ ಬಡಾವಣೆಯ ಮಟ್ಟಿಗಷ್ಟೇ ಕಾಣುವ ಜಾಹೀರಾತು ಅವರಿಗೆ ಗಿಟ್ಟಬಹುದು. ಎಲ್ಲರಿಗೂ ಒಂದೇ ಪ್ಯಾಕೇಜ್ ಮಾರುವವರು ಈ ವ್ಯತ್ಯಾಸವನ್ನು ಹೇಳುವುದಿಲ್ಲ.

ಇನ್ನೊಂದು ಪ್ರಶ್ನೆ, ಗಿರಾಕಿ ಯಾರ ಕೈಯಲ್ಲಿದ್ದಾನೆ ಎಂಬುದು. ಊಟ ತಲುಪಿಸುವ ಆ್ಯಪ್‌ಗಳ ಮೇಲೆ ರಾಷ್ಟ್ರೀಯ ರೆಸ್ಟೋರೆಂಟ್ ಸಂಘ 2021ರಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಾಗ ಹೆಚ್ಚಿನ ಕಮಿಷನ್ನಿನ ಜೊತೆಗೆ ಇನ್ನೊಂದು ಆಕ್ಷೇಪವನ್ನೂ ಎತ್ತಿತ್ತು: ತಮ್ಮ ಊಟ ತಿನ್ನುವವರು ಯಾರೆಂಬ ವಿವರವೇ ಹೋಟೆಲಿಗೆ ಸಿಗುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಆಯೋಗ ಜೊಮ್ಯಾಟೊ ಮತ್ತು ಸ್ವಿಗ್ಗಿ ಮೇಲೆ ತನಿಖೆಗೆ ಆದೇಶಿಸಿತು. ವರ್ಷಗಟ್ಟಲೆ ಒಂದೇ ಮನೆಗೆ ದೋಸೆ ಕಳಿಸಿದರೂ ಆ ಮನೆಯವರ ಹೆಸರು ಗೊತ್ತಿಲ್ಲದ ದರ್ಶಿನಿಯು, ಆ್ಯಪ್ ಕಮಿಷನ್ ಏರಿಸಿದ ದಿನ ಏನೂ ಮಾಡಲಾಗದೆ ಕೂರಬೇಕಾಗುತ್ತದೆ. ಬೇರೆ ದಾರಿ ಇದೆ ಎಂದು ಈ ಊರಿನ ಆಟೋ ಚಾಲಕರೇ ತೋರಿಸಿದ್ದಾರೆ. 2022ರ ನವೆಂಬರ್‌ನಲ್ಲಿ ಆಟೋರಿಕ್ಷಾ ಚಾಲಕರ ಯೂನಿಯನ್ ಬೆಂಬಲದಿಂದ ಶುರುವಾದ ‘ನಮ್ಮ ಯಾತ್ರಿ’ ಆ್ಯಪ್‌ನಲ್ಲಿ ಬಾಡಿಗೆಯ ಮೇಲೆ ಕಮಿಷನ್ ಇಲ್ಲ. ಆಮೇಲೆ ದಿನಕ್ಕೆ 25 ರೂಪಾಯಿಯ ಶುಲ್ಕ ಬಂತು, ಪ್ರಯಾಣಿಕರು ಕೊಡುವ ಬಾಡಿಗೆ ಚಾಲಕನಿಗೇ ಸೇರುತ್ತದೆ. ಅಂಗಡಿಯವರಿಗೆ ಇದರ ಸಮಾನವಾದದ್ದು ತಮ್ಮದೇ ವಾಟ್ಸ್‌ಆ್ಯಪ್ ಪಟ್ಟಿ. ಸಂಕ್ರಾಂತಿಗೆ ಎಳ್ಳು ಬೆಲ್ಲ, ಯುಗಾದಿಗೆ ಹೋಳಿಗೆ, ಗೌರಿ ಹಬ್ಬಕ್ಕೆ ಬಾಗಿನದ ಸಾಮಾನು, ಮಳೆಗಾಲದಲ್ಲಿ ಬಿಸಿ ಕೋಡುಬಳೆ. ವಿಜಯನಗರದ ಕಾಂಡಿಮೆಂಟ್ಸ್ ಅಂಗಡಿಯೊಂದು ಹಬ್ಬಕ್ಕೆ ವಾರ ಮೊದಲು ಬೆಲೆಯೊಂದಿಗೆ ಒಂದು ಫೋಟೊ ಕಳಿಸಿ ಮುಂಗಡ ಆರ್ಡರ್ ತೆಗೆದುಕೊಂಡರೆ ಎಷ್ಟು ಮಾಡಬೇಕೆಂಬ ಅಂದಾಜು ಸಿಗುತ್ತದೆ, ಮಿಕ್ಕಿ ಹಾಳಾಗುವುದು ತಪ್ಪುತ್ತದೆ. ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಸಂದೇಶ ಅಂಗಡಿಯ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ತಲುಪುತ್ತದೆ. ಇದನ್ನು ಅಡ್ಡಿ ಎಂದು ದೂರುವವರಿದ್ದಾರೆ. ನನಗೆ ಇದು ಒಳ್ಳೆಯ ಕಟ್ಟಳೆಯಾಗಿಯೇ ಕಾಣುತ್ತದೆ, ಬೇಡದವರಿಗೆ ಕಾಟ ಕೊಡದಂತೆ ಅದು ತಡೆಯುತ್ತದೆ. ಬಿಲ್ ಮಾಡುವಾಗ ಮೊಬೈಲ್ ನಂಬರ್ ಕೊಡಲೇಬೇಕೆಂದು ಪಟ್ಟು ಹಿಡಿಯಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಗಳಿಗೆ ತಿಳಿಸಿದೆ. ಕೇಳಿ, ಒಪ್ಪಿದವರ ನಂಬರ್ ಮಾತ್ರ ಬರೆದುಕೊಳ್ಳಿ, ಬೇಡ ಎಂದ ದಿನವೇ ತೆಗೆದುಹಾಕಿ.

ಅಂಗಡಿ ಫೋನಿನಲ್ಲಿ ಕಾಣಿಸಿಕೊಳ್ಳಲಿ ಎಂಬ ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ತೆರಿಗೆಯ ಭಯ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳವರು ಕಂಗಾಲಾದರು. ಹಲವೆಡೆ ಕ್ಯೂಆರ್ ಕೋಡ್ ಕಿತ್ತು ‘ಯುಪಿಐ ಇಲ್ಲ, ನಗದು ಮಾತ್ರ’ ಎಂದು ಬರೆದರು. ಕೊನೆಗೆ ಮುಖ್ಯಮಂತ್ರಿ ಸಭೆ ಕರೆದು, ಜಿಎಸ್‌ಟಿ ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದರು. ಆ ಗಾಯ ಆರಿಲ್ಲ. ಫೋನಿನಲ್ಲಿ ಕಾಣಿಸಿಕೊಂಡಷ್ಟೂ ಅಪಾಯ ಎಂಬ ಭಾವನೆ ಉಳಿದಿದೆ, ಅದನ್ನು ಅಜ್ಞಾನ ಎಂದು ತಳ್ಳಿಹಾಕುವುದು ತಪ್ಪು. ಆದರೆ ಆ ನೋಟಿಸುಗಳು ಹುಟ್ಟಿದ್ದು ಪಾವತಿಯ ದಾಖಲೆಯಿಂದ. ಮ್ಯಾಪಿನಲ್ಲಿ ಅಂಗಡಿಯ ಹೆಸರಿದ್ದ ಕಾರಣಕ್ಕೆ ಬಂದವಲ್ಲ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ಮಾತ್ರ ನೋಂದಣಿ ಬೇಕು. ತಾಜಾ ತರಕಾರಿ, ಬಿಡಿ ಹಾಲಿಗೆ ತೆರಿಗೆಯೇ ಇಲ್ಲ. 1.5 ಕೋಟಿವರೆಗಿನ ವ್ಯಾಪಾರಿಗೆ ಶೇ 1ರ ರಾಜಿ ತೆರಿಗೆ ಪದ್ಧತಿಯಿದೆ. ಈ ಭಯಕ್ಕೆ ಮದ್ದು ಲೆಕ್ಕದ ಪುಸ್ತಕ ಇಡುವುದರಲ್ಲಿದೆ, ಗಿರಾಕಿಯಿಂದ ಅಡಗಿಕೊಳ್ಳುವುದರಲ್ಲಿ ಇಲ್ಲ.

ಹತ್ತು ನಿಮಿಷದಲ್ಲಿ ಸಾಮಾನು ತಲುಪಿಸುವ ಕಂಪನಿಗಳ ಮುಂದೆ ಮ್ಯಾಪು, ವಾಟ್ಸ್‌ಆ್ಯಪ್ ಏನು ಮಾಡೀತು ಎಂಬುದು ಇನ್ನೊಂದು ಪ್ರಶ್ನೆ. ಪ್ಯಾಕೆಟ್ ಸಾಮಾನಿನ ಮಟ್ಟಿಗೆ ಹೆಚ್ಚೇನೂ ಮಾಡದು ಎಂದು ಒಪ್ಪಿಕೊಳ್ಳಬೇಕು. ಈ ಕಂಪನಿಗಳು ನಷ್ಟ ಮಾಡಿಕೊಂಡು ಬೆಲೆ ಇಳಿಸುತ್ತವೆಂದು ವಿತರಕರ ಒಕ್ಕೂಟ 2024ರಲ್ಲಿ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿದೆ. ಅದನ್ನು ತಡೆಯುವುದು ಸರ್ಕಾರದ ಕೆಲಸ. ಆದರೆ ಅಳತೆ ತೆಗೆದು ಹೊಲಿಯುವುದು, ಹೊತ್ತಿಗೆ ಸರಿಯಾಗಿ ಹೋಳಿಗೆ ತಟ್ಟಿ ಕೊಡುವುದು, ಕುಕ್ಕರಿನ ಗ್ಯಾಸ್ಕೆಟ್ ಹೊಂದಿಸಿ ಕೊಡುವುದು, ಮುಹೂರ್ತಕ್ಕೆ ಏನೇನು ಬೇಕೆಂದು ಪಟ್ಟಿ ಹೇಳಿ ಕಟ್ಟಿಕೊಡುವುದು ಯಾವ ಗೋದಾಮಿನಿಂದಲೂ ಆಗುವ ಕೆಲಸವಲ್ಲ. ಇಂಥ ಕೆಲಸದವರೇ ಪಶ್ಚಿಮ ಬೆಂಗಳೂರಿನ ಬೀದಿಗಳಲ್ಲಿ ತುಂಬಿದ್ದಾರೆ, ಫೋನಿನಲ್ಲಿ ಸಿಗದಿರುವವರೂ ಹೆಚ್ಚಾಗಿ ಇವರೇ. ವಯಸ್ಸಾದವರಿಗೆ ಇದೆಲ್ಲ ಕಲಿಯಲಾಗದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2016ರಲ್ಲಿ ಬಂದ ಯುಪಿಐಯನ್ನು ಹೂವಿನ ಬುಟ್ಟಿ ಇಟ್ಟುಕೊಂಡವರೂ ಯಾವ ತರಬೇತಿಯೂ ಇಲ್ಲದೆ ಕಲಿತರು, ಉಪಯೋಗ ಕಣ್ಣಿಗೆ ಕಂಡಿದ್ದರಿಂದ ಕಲಿತರು. ಗೂಗಲ್ಲೂ ಒಂದು ಕಂಪನಿಯೇ, ನಾಳೆ ನಿಯಮ ಬದಲಿಸಬಹುದು ಎನ್ನುವವರ ಎಚ್ಚರಿಕೆ ಸರಿ. ಅದಕ್ಕಾಗಿಯೇ ಗಿರಾಕಿಗಳ ನಂಬರುಗಳು ಅಂಗಡಿಯ ಪುಸ್ತಕದಲ್ಲೂ ಇರಬೇಕು, ಮ್ಯಾಪಿನ ಖಾತೆ ಏಜೆಂಟನ ಹೆಸರಿನಲ್ಲಿರದೆ ಮಾಲೀಕರ ಹೆಸರಿನಲ್ಲೇ ಇರಬೇಕು.

ವ್ಯಾಪಾರಿಗಳ ಸಂಘಗಳು ಒಂದು ರಸ್ತೆಯನ್ನು ಆರಿಸಿಕೊಂಡು, ಹತ್ತಿರದ ಕಾಲೇಜಿನ ವಿದ್ಯಾರ್ಥಿಗಳನ್ನು ಕರೆದು, ಅಂಗಡಿಯಿಂದ ಅಂಗಡಿಗೆ ಹೋಗಿ ಹೆಸರು, ಹೊತ್ತು, ನಂಬರ್ ಸರಿಪಡಿಸುವುದು ಒಂದು ಭಾನುವಾರದ ಕೆಲಸ. 2025ರ ಸೆಪ್ಟೆಂಬರ್‌ನಲ್ಲಿ ಹುಟ್ಟಿದ ಬೆಂಗಳೂರು ಪಶ್ಚಿಮ ನಗರ ಪಾಲಿಕೆಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಬೇಗ ಫಲ ಕೊಡುವ ಕಾರ್ಯಕ್ರಮ ಸಿಗಲಾರದು. ಹೊರಗಿನ ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ದಂಡ ಹಾಕುವ ಅಧಿಕಾರ ಆಡಳಿತಕ್ಕಿದೆ. ಫೋನಿನಲ್ಲಿ ಕನ್ನಡದ ಬೋರ್ಡ್ ಹಾಕಲು ನೆರವಾಗುವ ಹೊಣೆಯನ್ನೂ ಅದು ಹೊರಲಿ. 2024ರಲ್ಲಿ ವಿಜಯನಗರದಲ್ಲಿ ತೆರೆದ ಪಾಲಿಕೆ ಬಜಾರಿನಲ್ಲೇ ಒಂದು ಸಹಾಯ ಮೇಜು ಹಾಕಿ, ಉದ್ದಿಮೆ ಪರವಾನಗಿ ನವೀಕರಿಸುವ ಪ್ರತಿ ಸಣ್ಣ ಅಂಗಡಿಗೂ ಕನ್ನಡದ ಕೈಪಿಡಿಯೊಂದನ್ನು ಕೊಡುವುದರಿಂದ ಪಾಲಿಕೆ ಈ ಕೆಲಸ ಶುರುಮಾಡಲಿ.